ಅರ್ಧಕ್ಕೆ ನಿಂತ ನೋಟ್‌ಬುಕ್‌ಗಳು

ಸಲಹೆ ಕೇಳಿ ನನ್ನ ಬಳಿ ಬಂದ ಆಕೆಗೆ ನಲವತ್ತರ ಆಸುಪಾಸು. ಗುರುತು ಸಿಗದಂತೆ ಉಳಿದ ವಿವರಗಳನ್ನು ಬದಲಿಸಿದ್ದೇನೆ. ಮರೆವು ಜಾಸ್ತಿಯಾಗಿದೆ, ತಲೆ ಸದಾ ಭಾರ ಎನ್ನುವುದು ದೂರು. ಜೊತೆಗೆ ಚೀಲದ ತುಂಬ ಬುಲೆಟ್ ಜರ್ನಲ್, ಅಂದರೆ ಕೆಲಸ, ಕಾರ್ಯಕ್ರಮ, ಟಿಪ್ಪಣಿಗಳನ್ನು ಚಿಕ್ಕ ಗುರುತುಗಳೊಡನೆ ಬರೆದಿಡುವ ನೋಟ್‌ಬುಕ್, ತಂದಿದ್ದರು. ಮೊದಲ ಪುಟಗಳಲ್ಲಿ ಬಣ್ಣದ ತಲೆಬರಹ, ಸ್ಕೇಲಿಟ್ಟು ಎಳೆದ ಕ್ಯಾಲೆಂಡರ್. ಆಮೇಲೆ ಅಕ್ಷರ ಸೊಟ್ಟಗಾಗುತ್ತದೆ. ನಂತರ ಬರೀ ಖಾಲಿ.

"ಒಂದು ಪುಟ ಕೆಟ್ಟರೆ ಮುಂದುವರಿಸೋಕೆ ಮನಸ್ಸೇ ಬರಲ್ಲ ಮೇಡಂ. ಹೊಸದು ತಗೊಂಡು ಎಲ್ಲಾ ಮತ್ತೆ ಬರೀತೀನಿ" ಎಂದರು.

ನಿದ್ದೆ, ಔಷಧ, ಬೇಸರದ ಬಗ್ಗೆ ಮೊದಲು ವಿಚಾರಿಸಿದೆ. ವೈದ್ಯರ ಬಳಿ ಕಳಿಸುವಂಥದ್ದೇನೂ ಕಾಣಲಿಲ್ಲ. ಬರೆದಿಟ್ಟದ್ದು ಬೇಕಾದಾಗ ಸಿಗುತ್ತಿರಲಿಲ್ಲ, ಅಷ್ಟೆ. ಸಿಗದ ಟಿಪ್ಪಣಿಯನ್ನು ಯಾರು ನಂಬುತ್ತಾರೆ? ಹಾಗಾಗಿ ಬರೆದ ಮೇಲೂ ಎಲ್ಲವನ್ನೂ ತಲೆಯಲ್ಲೇ ಹೊತ್ತಿದ್ದರು.

ಬುಲೆಟ್ ಜರ್ನಲ್ ಪದ್ಧತಿಯನ್ನು 2013ರಲ್ಲಿ ಎಲ್ಲರ ಮುಂದಿಟ್ಟ ರೈಡರ್ ಕ್ಯಾರಲ್‌ಗೆ ಚಿಕ್ಕಂದಿನಲ್ಲೇ ಗಮನ ನಿಲ್ಲದ ತೊಂದರೆಯಿತ್ತು. ಅವರು ಅದನ್ನು ರೂಪಿಸಿದ್ದು ತಮ್ಮ ಅನುಕೂಲಕ್ಕೆ. ಕೆಲಸಕ್ಕೆ ಚುಕ್ಕಿ, ಕಾರ್ಯಕ್ರಮಕ್ಕೆ ಸೊನ್ನೆ, ಟಿಪ್ಪಣಿಗೆ ಅಡ್ಡಗೆರೆ. ಮುಗಿದರೆ ಚುಕ್ಕಿಯ ಮೇಲೆ ಇಂಟು, ಮುಂದಕ್ಕೆ ಹೋದರೆ ಬಾಣದ ಗುರುತು. ಬಣ್ಣ, ಸ್ಟಿಕರ್ ಯಾವುದೂ ಕಡ್ಡಾಯವಲ್ಲ. ಬೇರೆಯವರ ಚಂದದ ಪುಟಗಳ ಫೋಟೊ ನೋಡಿ ಸುಮ್ನೆ ಸೊರಗುವವರು ಬಹಳ ಜನ ಇದ್ದಾರೆ.

ಹಳೆಯದನ್ನು ನಕಲು ಮಾಡುವುದು ನಿಲ್ಲಿಸಿ ಎಂದೆ. ಹಳೆಯ ಪುಸ್ತಕಗಳ ಮೇಲೆ ಅ, ಆ, ಇ ಎಂದು ಬರೆದು ಪುಟಗಳಿಗೆ ಸಂಖ್ಯೆ ಹಾಕಿದರೆ ಸಾಕು. ಈಗಿನ ಪುಸ್ತಕದ ಮೊದಲಲ್ಲಿ ಸೂಚಿ: 'ಆರೋಗ್ಯ: ಅ 12, ಇ 40'. ಮತ್ತೆ ಹುಡುಕಬಹುದಾದದ್ದು ಮಾತ್ರ ಸೂಚಿಗೆ ಬರಲಿ. ಬಾಕಿ ಕೆಲಸಗಳಿಗೆ ಒಂದೇ ಪ್ರಶ್ನೆ: ಇನ್ನೊಮ್ಮೆ ಕೈಯಲ್ಲಿ ಬರೆಯುವಷ್ಟು ಇದು ಬೇಕಾ? ಬೇಡವಾದರೆ ಹೊಡೆದುಹಾಕಿ.

ಇಲ್ಲಿ ಅವರು ತಡವರಿಸಿದರು. 'ಅಕ್ಕನ ಜೊತೆ ಮಾತಾಡಬೇಕು' ಎನ್ನುವ ಸಾಲು ಪ್ರತಿ ಪುಸ್ತಕದಲ್ಲೂ ಇತ್ತು. ಹೊಡೆಯಲೂ ಆಗದು, ಮಾಡಲೂ ಆಗದು. ಉಳಿದ ಹೊತ್ತೆಲ್ಲ ಆ ಒಂದು ಸಾಲಿನ ಮೇಲೆಯೇ ಮಾತಾಡಿದೆವು. ಅಕ್ಕ-ತಂಗಿಯರ ನಡುವೆ ಹಳೆಯ ಮುನಿಸು. ಅದು ಬಗೆಹರಿಯುವವರೆಗೂ ಫೋನ್ ಮಾಡಬಾರದೆಂದು ಇವರೇ ಅಂದುಕೊಂಡಿದ್ದರು. ಪುಟ ಚಂದವಾಗಿರಬೇಕು ಎನ್ನುವ ಹಟವೇ ಇಲ್ಲೂ ಇತ್ತು, ಅಲ್ವಾ?

ಮುಗಿಯದ ಕೆಲಸ ತಲೆಯೊಳಗೆ ಕೊರೆಯುತ್ತಿರುತ್ತದೆ. ಯಾವಾಗ, ಹೇಗೆ ಮಾಡುವುದೆಂದು ನಿಖರವಾಗಿ ಗೊತ್ತುಮಾಡಿಕೊಂಡರೆ ಆ ಕೊರೆತ ಕಡಿಮೆಯಾಗುತ್ತದೆ ಎಂದು ಮಸಿಕಾಂಪೊ, ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಹಾಗಾಗಿ ಸಾಲನ್ನು ಬದಲಿಸಿ ಬರೆಸಿದೆ: 'ಶನಿವಾರ ಸಂಜೆ ಅಕ್ಕನಿಗೆ ಫೋನ್. ಕ್ಷೇಮ ಸಮಾಚಾರ ಮಾತ್ರ.' ಹೊಸ ಪುಸ್ತಕ ಕೊಳ್ಳಬೇಡಿ, ಅರ್ಧಕ್ಕೆ ನಿಂತದ್ದರಲ್ಲೇ ಮುಂದುವರಿಸಿ, ಮೊದಲ ಪುಟದಲ್ಲಿ ಬೇಕೆಂದೇ ಒಂದಿಷ್ಟು ಗೀಚಿ ಎಂದೂ ಹೇಳಿದೆ. ಗೀಚೋದಕ್ಕೆ ಬಹಳ ಹಿಂಜರಿದರು.

ಮುಂದಿನ ಭೇಟಿಗೆ ಬಂದಾಗ ಸೂಚಿ ಅರ್ಧವಷ್ಟೇ ಆಗಿತ್ತು. ಫೋನ್ ಮಾಡಿದ್ದರು. ಮಾತು ಚುಟುಕಾಗಿತ್ತಂತೆ, ಜಗಳವಾಗಲಿಲ್ಲವಂತೆ. "ನಡುವೆ ಒಂದಷ್ಟು ದಿನ ಏನೂ ಬರೆದಿಲ್ಲ ಮೇಡಂ" ಎಂದು ಮುಖ ಸಣ್ಣ ಮಾಡಿದರು. ಅಚ್ಚಾದ ಡೈರಿಯ ಹಾಗೆ ಇದರಲ್ಲಿ ತಾರೀಖು ಮೊದಲೇ ಇರುವುದಿಲ್ಲ. ಬಿಟ್ಟ ದಿನಗಳಿಗೆ ಜಾಗ ಬಿಡದೆ, ಕೆಳಗಿನ ಸಾಲಿನಲ್ಲೇ ಇವತ್ತಿನ ತಾರೀಖು ಹಾಕಿ ಮುಂದುವರಿಸಿ ಎಂದೆ.