ಗಲ್ಫಿನವರ ಅಗ್ಗದ ವಿಮಾನ ಶುರುವಾದದ್ದು ಹೀಗೆ

ಏರ್ ಇಂಡಿಯಾ ಇರುವಾಗ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೇರೆ ಯಾಕೆ ಬಂತು ಅಂತ ಕೇಳಿದ್ದೀರಿ. ಗಲ್ಫಿನಲ್ಲಿ ದುಡಿಯುವವರಿಗಾಗಿ. ಊರಿಗೆ ಬಂದು ಹೋಗುವ ಟಿಕೆಟ್ಟಿಗೇ ಅವರ ಉಳಿತಾಯ ಕರಗುತ್ತಿತ್ತು. 2005ರ ಏಪ್ರಿಲ್ 29ರಂದು ಮೊದಲ ವಿಮಾನ ತಿರುವನಂತಪುರದಿಂದ ಅಬುಧಾಬಿಗೆ ಹಾರಿತು. ಆಗ ಇದರ ವಿಮಾನಗಳೆಲ್ಲವೂ ಬೋಯಿಂಗ್ 737-800. ಒಂದೇ ಬಗೆಯಾದರೆ ಪೈಲಟ್ ತರಬೇತಿ, ಬಿಡಿಭಾಗ, ರಿಪೇರಿ ಎಲ್ಲದರಲ್ಲೂ ಖರ್ಚು ಕಮ್ಮಿ ಅಲ್ವಾ? ಬಿಸಿನೆಸ್ ಕ್ಲಾಸ್ ಇರಲಿಲ್ಲ, ಆ ಜಾಗದಲ್ಲೂ ಸಾಮಾನ್ಯ ಸೀಟು.

ನಮ್ಮ ಕಾಸರಗೋಡಿಗೆ ದೊಡ್ಡ ಬದಲಾವಣೆ ಬಂದದ್ದು 2006ರಲ್ಲಿ, ಮಂಗಳೂರಿನಿಂದ ದುಬೈಗೆ ಹಾರಾಟ ಶುರುವಾದಾಗ. ಅದಕ್ಕೆ ಮೊದಲು ಅಪ್ಪ ಮುಂಬೈಯಲ್ಲಿ ಇಳಿದು, ರೈಲು ಹಿಡಿದು ಬರುತ್ತಿದ್ದರು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ನಾಲ್ಕೂ ಬದಿಗೆ ದಪ್ಪ ಅಕ್ಷರದಲ್ಲಿ ಹೆಸರು, ಕೆಳಗೆ 'ಕುಂಬಳೆ'. ಆಮೇಲೆ ಬೆಳಗ್ಗೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲೇ! ಅಮ್ಮ ಗಂಜಿ, ಚಟ್ನಿ ಮಾಡಿ ಕಾಯುತ್ತಿದ್ದರು.

ಅದೇ ಬಜ್ಪೆಯಲ್ಲಿ 2010ರ ಮೇ 22ರಂದು ಇದೇ ಕಂಪೆನಿಯ ವಿಮಾನದ ಅಪಘಾತದಲ್ಲಿ 158 ಜನ ತೀರಿಹೋದರು. ನಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಆ ದಿನವನ್ನು ಬಿಟ್ಟು ಈ ಕಂಪೆನಿಯ ಕತೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

2022ರಲ್ಲಿ ಏರ್ ಇಂಡಿಯಾದ ಜೊತೆಗೇ ಇದೂ ಟಾಟಾದವರ ಕೈಗೆ ಹೋಯಿತು. ಮೊದಲು ಏರ್‌ಏಷ್ಯಾ ಇಂಡಿಯಾ ಆಗಿದ್ದ ಕಂಪೆನಿ 2024ರ ಅಕ್ಟೋಬರಿನಲ್ಲಿ ಇದರೊಳಗೆ ಸೇರಿತು.