ಸ್ಯಾಟಲೈಟ್ ಮೂಲಕ ಮಾತಾಡಲು 5 ವ್ಯಾಟ್‌ನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್) ಸಾಕಾ, ದೊಡ್ಡ ಸೆಟ್ ಬೇಕಾ?

ಎಫ್‌ಎಂ ರಿಪೀಟರ್ (ಕೇಳಿದ ಮಾತನ್ನು ಬೇರೆ ಫ್ರೀಕ್ವೆನ್ಸಿಯಲ್ಲಿ ಮತ್ತೆ ಕಳಿಸುವ ಯಂತ್ರ) ಇರುವ ಸ್ಯಾಟಲೈಟ್‌ಗಳಿಗೆ 5 ವ್ಯಾಟ್ ಧಾರಾಳ ಸಾಕು. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಮಾತ್ರ ಬೇಕೇ ಬೇಕು. ದುಡ್ಡು ಇದ್ದರೆ ಆಂಟೆನಾಗೆ ಹಾಕಿ. ಹ್ಯಾಂಡಿ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಎರಡು ಬ್ಯಾಂಡ್‌ನ ಯಾಗಿ (ಒಂದೇ ದಿಕ್ಕಿಗೆ ಗುರಿ ಇಡುವ, ಕಡ್ಡಿಗಳ ಸಾಲಿನ ಆಂಟೆನಾ) ತಗೊಳ್ಳಿ, ಅಥವಾ ನೀವೇ ಮಾಡಿ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ನೋಡಿ. ನಾವು 145.990 ಮೆಗಾಹರ್ಟ್ಸ್‌ನಲ್ಲಿ, 67 ಹರ್ಟ್ಸ್ ಟೋನ್ (ರಿಪೀಟರ್ ತೆರೆಯಲು ದನಿಯ ಜೊತೆ ಹೋಗುವ ಸಣ್ಣ ಸದ್ದು) ಸೇರಿಸಿ ಮಾತಾಡುತ್ತೇವೆ. ಅದು 437.800ರಲ್ಲಿ ಕೇಳಿಸುತ್ತದೆ. ಆದರೆ ಡಾಪ್ಲರ್ (ನಿಲ್ದಾಣದ ವೇಗದಿಂದ ಫ್ರೀಕ್ವೆನ್ಸಿ ಜರುಗುವುದು) ಕಾಟ ಇದೆಯಲ್ವಾ? ನಿಲ್ದಾಣ ನಮ್ಮ ಕಡೆ ಬರುವಾಗ 437.810ರಲ್ಲಿ ಕೇಳಿ, ದೂರ ಹೋಗುತ್ತಾ 437.790ಕ್ಕೆ ಇಳಿಸಿ. 5 ಕಿಲೋಹರ್ಟ್ಸ್ ಅಂತರದಲ್ಲಿ ಐದು ಮೆಮೊರಿ ಚಾನೆಲ್ ಮೊದಲೇ ಮಾಡಿಟ್ಟುಕೊಂಡರೆ ಗುಂಡಿ ಒತ್ತುವುದಷ್ಟೇ ಕೆಲಸ. ಕಳಿಸುವ ಫ್ರೀಕ್ವೆನ್ಸಿ ಮುಟ್ಟಬೇಡಿ.

ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗದ್ದಲ ಮುಚ್ಚುವ ವ್ಯವಸ್ಥೆ) ಪೂರ್ತಿ ತೆರೆದಿಡಿ. ಬರೀ ಗೊರಗೊರ ಅನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ತಣ್ಣಗಾದರೆ ಸಿಗ್ನಲ್ ಬಂತು ಅಂತ ಅರ್ಥ. ದನಿ ಮಸುಕಾದರೆ ಯಾಗಿಯನ್ನು ಮಣಿಕಟ್ಟಿನಿಂದ ಸ್ವಲ್ಪ ತಿರುಚಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಒಂದು ಪಾಸ್ (ಸ್ಯಾಟಲೈಟ್ ನಮ್ಮ ಆಕಾಶ ದಾಟುವ ಹೊತ್ತು) ಸಿಗುವುದು ಸುಮಾರು ಹತ್ತು ನಿಮಿಷ, ಎಲ್ಲರಿಗೂ ಚಾನೆಲ್ ಒಂದೇ. ನಾನು ಮೊದಲ ಸಲ ಏನೂ ಕೇಳಿಸದಿದ್ದರೂ ಸುಮ್ನೆ ಕರೆಯುತ್ತಲೇ ಇದ್ದೆ. ಆಮೇಲೆ ನೋಡಿದರೆ ಬೇರೆಯವರ ಮಾತಿನ ಮೇಲೆಯೇ ಕೂಗಿದ್ದೆ! ಅದಕ್ಕೇ ಮೊದಲ ಮೂರ್ನಾಲ್ಕು ಪಾಸ್ ಬರೀ ಕೇಳಿ. ಆಮೇಲೆ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತು), ಗ್ರಿಡ್ (ನೀವಿರುವ ಜಾಗದ ಸಂಕೇತ) ಹೇಳಿ ಬೇರೆಯವರಿಗೆ ಜಾಗ ಬಿಡಿ.

ಎಸ್‌ಎಸ್‌ಬಿ (ಎಫ್‌ಎಂಗಿಂತ ಕಡಿಮೆ ಜಾಗದಲ್ಲಿ ದನಿ ಕಳಿಸುವ ವಿಧಾನ) ಬಳಸುವ, ಒಂದೇ ಸಲ ಹಲವರು ಮಾತಾಡಬಹುದಾದ ಲೀನಿಯರ್ ಸ್ಯಾಟಲೈಟ್‌ಗಳ ಆಸೆ ಹುಟ್ಟಿದಾಗ ದೊಡ್ಡ ಸೆಟ್ ಯೋಚಿಸಿ.