ಹಂದಿಮರಿಗಳ ಭೇದಿಗೆ ಓಮ, ಬೆಳ್ಳುಳ್ಳಿ ಸಾಕೇ?

ಪ್ರಶ್ನೆ: ನಮ್ಮಲ್ಲಿ ಆರು ಯಾರ್ಕ್‌ಶೈರ್ ತಾಯಿಹಂದಿಗಳಿವೆ. ಹಾಲು ಬಿಡಿಸಿದ ವಾರದೊಳಗೆ ಮರಿಗಳಿಗೆ ಭೇದಿ ಹತ್ತಿಕೊಳ್ಳುತ್ತದೆ. ಅದಕ್ಕೆ ಅಂಗಡಿಯಿಂದ ಆಂಟಿಬಯಾಟಿಕ್ ಪುಡಿ ತಂದು ಫೀಡ್‌ಗೆ ಬೆರೆಸುತ್ತಿದ್ದೆವು. ಈಗ ಅದನ್ನು ಬಿಡಿ, ಓಮ, ಬೆಳ್ಳುಳ್ಳಿ ಕೊಡಿ ಅನ್ನುತ್ತಾರೆ. ಕೊಡಬಹುದೇ?
– ಓದುಗರೊಬ್ಬರು, ಕೊಡಗು

ಉತ್ತರ: ಪುಡಿ ಬಿಡಲೇಬೇಕು. ಕಾಯಿಲೆ ಇಲ್ಲದ ಮರಿಗೂ ದಿನಾ ಸ್ವಲ್ಪ ಸ್ವಲ್ಪ ಔಷಧಿ ತಿನ್ನಿಸಿದರೆ ಅದಕ್ಕೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯುತ್ತವೆ. ನೀವು ತರುತ್ತಿದ್ದ ಪುಡಿಯಲ್ಲಿ ಕೊಲಿಸ್ಟಿನ್ ಇತ್ತೇ ನೋಡಿ. ಮನುಷ್ಯರಿಗೆ ಬೇರೆ ಔಷಧಿ ನಾಟದಾಗ ಕೊಡುವ ಮದ್ದು ಅದು. ಸಾಕುಪ್ರಾಣಿಗಳ ಆಹಾರದಲ್ಲಿ ಅದನ್ನು ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಆದರೆ ಪುಡಿ ತೆಗೆದು ಆ ಜಾಗಕ್ಕೆ ಓಮ ಸುರಿದರೆ ಮುಗಿಯಲಿಲ್ಲ. ಡೆನ್ಮಾರ್ಕ್‌ನವರು 2000ದ ಹೊತ್ತಿಗೆ ಬೆಳವಣಿಗೆಗೆಂದು ಆಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿದಾಗ ಮೊದಮೊದಲು ಮರಿಗಳ ಭೇದಿ ಜಾಸ್ತಿಯೇ ಆಯಿತು. ಹಾಲು ಬಿಡಿಸುವ ಹೊತ್ತಿನ ಆಹಾರ, ಆರೈಕೆ ಎಲ್ಲವನ್ನೂ ಅವರು ಮತ್ತೆ ಸರಿಮಾಡಿಕೊಳ್ಳಬೇಕಾಯಿತು.

ಹಾಲು ಬಿಟ್ಟ ಮರಿಯ ಪಾಡು ನೋಡಿ. ತಾಯಿ ಇಲ್ಲ, ಹಾಲಿನಿಂದ ಸಿಗುತ್ತಿದ್ದ ರಕ್ಷಣೆಯೂ ಇಲ್ಲ. ಒಂದೆರಡು ದಿನ ಸರಿಯಾಗಿ ತಿನ್ನುವುದಿಲ್ಲ, ಕರುಳಿನ ಒಳಪದರ ಸವೆಯುತ್ತದೆ. ಆಮೇಲೆ ಹಸಿವಾಗಿ ಒಮ್ಮೆಲೇ ಮುಕ್ಕುತ್ತದೆ. ಹೊಟ್ಟೆಯಲ್ಲಿ ಆಮ್ಲ ಇನ್ನೂ ಸಾಲದು. ಅರಗದ ಸೋಯಾ ಹಿಂಡಿ ಕೆಳಗಿನ ಕರುಳಿನಲ್ಲಿ ಕೊಳೆತರೆ ಇ. ಕೋಲಿ ರೋಗಾಣುವಿಗೆ ಹಬ್ಬ!

ಇಲ್ಲಿ ಗಿಡಮೂಲಿಕೆ ಸ್ವಲ್ಪ ಕೈಹಿಡಿಯುತ್ತದೆ. ಓಮದ ಥೈಮಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್, ಬೆಳ್ಳುಳ್ಳಿಯ ಆಲಿಸಿನ್ ಎಂಬ ಘಾಟಿನ ಅಂಶಗಳು ರೋಗಾಣುಗಳನ್ನು ಹತ್ತಿಕ್ಕಬಲ್ಲವು. ಪ್ರಯೋಗಾಲಯದ ತಟ್ಟೆಯಲ್ಲಂತೂ ಜೋರಾಗಿಯೇ. ಹೊಟ್ಟೆಯೊಳಗೆ ಅಷ್ಟು ಸಲೀಸಲ್ಲ. ಈ ಅಂಶಗಳಿರುವ ಗಿಡಮೂಲಿಕೆ ಎಣ್ಣೆಯನ್ನು ಹಾಗೇ ಕೊಟ್ಟರೆ ಅದರ ಹೆಚ್ಚಿನ ಪಾಲು ಜಠರದಲ್ಲಿ, ಸಣ್ಣಕರುಳಿನ ಶುರುವಿನಲ್ಲೇ ಹೀರಿಹೋಗುತ್ತದೆ. ಅದಕ್ಕೇ ಕಂಪನಿಗಳು ಅದನ್ನು ಕೊಬ್ಬಿನ ಸಣ್ಣ ಸಣ್ಣ ಗುಳಿಗೆಯಲ್ಲಿ ಮುಚ್ಚಿ ಮಾರುವುದು. ಕೊಳ್ಳುವುದಾದರೆ ಅಂಥದ್ದನ್ನೇ ಕೊಳ್ಳಿ, ಚೀಟಿಯಲ್ಲಿರುವ ಅಳತೆ ಮೀರಬೇಡಿ.

ಮನೆಯ ಓಮ ಬೇಡವೇ? ಬೇಡ ಅಂತಲ್ಲ. ಆದರೆ ಒಂದು ಬೆಳೆಯ ಓಮದಲ್ಲಿ ಇರುವಷ್ಟು ಎಣ್ಣೆ ಇನ್ನೊಂದರಲ್ಲಿ ಇರುವುದಿಲ್ಲ, ಹಳೆಯದಾದರೆ ಘಮವೂ ಹಾರಿಹೋಗಿರುತ್ತದೆ. ಇನ್ನೊಂದು ತಾಪತ್ರಯ ವಾಸನೆ. ಹಂದಿಯ ಮೂಗು ನಮ್ಮದಕ್ಕಿಂತ ಎಷ್ಟೋ ಚುರುಕು. ಮೊದಲೇ ತಿನ್ನದ ವಾರದಲ್ಲಿ ಬೆಳ್ಳುಳ್ಳಿ ಘಾಟು ಹೊಡೆದರೆ ಮರಿ ತೊಟ್ಟಿಯ ಹತ್ತಿರವೂ ಸುಳಿಯಲಿಕ್ಕಿಲ್ಲ. ಹಾಲು ಬಿಡಿಸುವುದಕ್ಕೆ ಒಂದು ವಾರ ಮೊದಲೇ ಚೂರು ಚೂರು ರೂಢಿ ಮಾಡಿಸಿ.

ಅದಕ್ಕಿಂತ ಮುಖ್ಯವಾದದ್ದು ಶೆಡ್ಡಿನ ಕೆಲಸ. ನಾಲ್ಕು ವಾರಕ್ಕೇ ಬಿಡಿಸುತ್ತಿದ್ದರೆ ಆರು ವಾರಕ್ಕೆ ತಳ್ಳಿ. ಎರಡನೇ ವಾರದಿಂದಲೇ ತಾಯಿ ಜೊತೆ ಇದ್ದಾಗ ಮರಿಫೀಡ್ ರುಚಿ ತೋರಿಸಿ. ಬಿಡಿಸಿದ ಮೇಲೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಹಾಕಿ. ಕೊಡಗಿನ ಮಳೆಗಾಲದಲ್ಲಿ ನೆಲ ಒಣಗಿರಬೇಕು, ಮರಿಗೆ ಬೆಚ್ಚಗಿರಬೇಕು. ಬಲ್ಬ್ ಕಟ್ಟಿ, ಹುಲ್ಲು ಹಾಸಿ.

ಭೇದಿ ಹತ್ತಿದ ಮರಿಗೆ ಓಮ ಕುಡಿಸುತ್ತಾ ಕೂರಬೇಡಿ. ಓಆರ್‌ಎಸ್ ನೀರು ಕೊಟ್ಟು ಪಶುವೈದ್ಯರನ್ನು ಕರೆಸಿ. ಅವರು ಆಂಟಿಬಯಾಟಿಕ್ ಬರೆದರೆ ಕೊಡಿ, ಅದು ಚಿಕಿತ್ಸೆ.

ಗಿಡಮೂಲಿಕೆಯಿಂದ ನಿಮ್ಮಲ್ಲಿ ಲಾಭ ಇದೆಯಾ ಅಂತ ತಿಳಿಯಬೇಕಾದರೆ ಒಂದೇ ತಾಯಿಯ ಮರಿಗಳನ್ನು ಎರಡು ಪಾಲು ಮಾಡಿ. ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಬೇಡ. ಹದಿನೈದು ದಿನ ಬಿಟ್ಟು ತಕ್ಕಡಿಯಲ್ಲಿ ತೂಗಿ.